ಬದುಕಿರುವ ಕಡೆಗೆ ಐದು ಡಿಗ್ರಿ

ಹೇ ಎಂದರೆ ಒಣಹುಲ್ಲು. ಈ ಊರಿಗೆ ಹೆಸರು ಬಂದದ್ದು ಮಾತ್ರ
ಹುಲ್ಲಿನಿಂದಲ್ಲ, ಹೇ ಎಂಬ ಯಾವನೋ ದೊಡ್ಡಮನುಷ್ಯನಿಂದ
ಅನ್ನುತ್ತಾಳೆ ಡೋರೀನ್, ಎಣ್ಣೆಯ ನಳಿಕೆ ಕೈಲಿ ಹಿಡಿದು.
ದಿನಾ ಕೇಳುತ್ತಾಳೆ, ದಿನಾ ಎರಡು ಸಲ:
"ಯಾವ ಎಣ್ಣೆ?"

ನನ್ನದು ಪುಟ್ಟ ವಿಮಾನ. ಎರಡು ಎಂಜಿನ್ನು, ಎರಡೂ ಡೀಸೆಲ್ಲಿನವು.
ಮರೆತು ನೀಲಿ ಪೆಟ್ರೋಲು ಕುಡಿಸಿದರೆ
ನೆಲ ಬಿಟ್ಟ ಮೇಲೆ ನೆನಪಿಸುತ್ತವೆ.
ದೊಡ್ಡ ಜೆಟ್ಟುಗಳು ಕುಡಿಯುವುದೇ ಇವಕ್ಕೂ ಬೇಕು.
ಗಾಜಿನ ಲೋಟಕ್ಕೆ ಒಂದಿಷ್ಟು ಇಳಿಸಿ,
ತಳದಲ್ಲಿ ನೀರು ನಿಂತಿದೆಯೋ ನೋಡಿ,
ಮೂಸುತ್ತೇನೆ.

ಸೀಮೆಎಣ್ಣೆ.

ಹೊಸಪೇಟೆಯ ಡಿಪೋ ಮುಂದೆ ಡಬ್ಬಿಗಳು ಸಾಲು ನಿಲ್ಲುತ್ತಿದ್ದವು,
ಮನುಷ್ಯರು ನೆರಳಿಗೆ ಹೋಗಿರುತ್ತಿದ್ದರು.
ಕಾರ್ಡಿಗೆ ಐದು ಲೀಟರು, ಅದರಲ್ಲೂ ನೊರೆ.
ಈಗ ಗಂಟೆಗೆ ನಲವತ್ತು ಸುಡುತ್ತೇನೆ, ಕಾರ್ಡು ಕೇಳುವವರಿಲ್ಲ.
ಸೀಮೆಯಿಂದ ಬಂದ ಎಣ್ಣೆ ಅಂತ ಹೆಸರಿಟ್ಟವರು
ನಾನೇ ಸೀಮೆಗೆ ಬಂದದ್ದನ್ನು ಕಂಡಿದ್ದರೆ
ಏನನ್ನುತ್ತಿದ್ದರೋ.

ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕೂತಿದೆ ಐಸುಪೆಟ್ಟಿಗೆ:
ನೂರಾ ಹನ್ನೊಂದು ನಳಿಗೆ ರಕ್ತ,
ಕತ್ತಲಾಗುವುದರೊಳಗೆ ವಾಗಾದ ಲ್ಯಾಬಿಗೆ.
ಸೂರ್ಯ ಬೆನ್ನಿಗೆ. ಕೆಳಗೆ ಮರಂಬಿಜಿ ನದಿ,
ಯಾರೋ ಸಿಟ್ಟಿನಲ್ಲಿ ಬಿಚ್ಚಿ ಎಸೆದ ನೂಲು.
ಎರಡು ಎಂಜಿನ್ನು ಒಂದಕ್ಕೊಂದು ಒಗ್ಗದಿದ್ದರೆ
ವೂಂ... ವೂಂ... ಎಂದು ಕಿವಿಯಲ್ಲಿ ಅಲೆ.
ಒಂದರ ಹಿಡಿಯನ್ನು ಕೂದಲೆಳೆಯಷ್ಟು ಹಿಂದೆಳೆದೆ.
ಒಂದೇ ದನಿ.

ಡಾರ್ಲಿಂಗ್ಟನ್ ಪಾಯಿಂಟ್ ದಾಟಿದ ಮೇಲೆ
ಎಡಗಡೆಯದರ ನೀರು ಕಾಯತೊಡಗಿತು.
ಹಳದಿ ದೀಪ. ನಾನಿನ್ನೂ ಪಟ್ಟಿ ಓದುತ್ತಿದ್ದೆ,
ಕೆಂಪು. ಮೂತಿ ಎಡಕ್ಕೆ ಎಳೆಯಿತು.

ಯಾವುದು ಸತ್ತಿತು ಅಂತ ಕಣ್ಣನ್ನು ಕೇಳಬೇಡ
ಅಂದಿದ್ದ, ಕಲಿಸುವಾಗ, ಗ್ರೆವಿಲ್.
ಕಣ್ಣು ಗಾಬರಿಗೆ ಸುಳ್ಳು ಹೇಳುತ್ತದೆ. ಕಾಲನ್ನು ಕೇಳು.
ಯಾವ ಕಾಲಿಗೆ ಕೆಲಸವಿಲ್ಲವೋ
ಆ ಕಡೆಯದು ಹೋಗಿದೆ.
ನನ್ನ ಬಲಗಾಲು ತೊಡೆಯವರೆಗೆ ನಡುಗುತ್ತ ತುಳಿದಿತ್ತು.
ಎಡಗಾಲು, ನೆಂಟರ ಮನೆಗೆ ಬಂದಂತೆ, ಸುಮ್ಮನಿತ್ತು.
ಆದರೂ ಬೆರಳಿಟ್ಟು ಎರಡು ಸಲ ಓದಿದೆ: ಎಡ. ಎಡ.
ಬದುಕಿದ್ದನ್ನೇ ಆರಿಸಿದವರಿದ್ದಾರೆ.

ಅಮ್ಮ ಸ್ಟೌವಿನ ದನಿ ಬದಲಾದರೆ ಒಳಗಿಂದಲೇ
"ಪಿನ್ನು ಹಾಕೇ" ಅನ್ನುತ್ತಿದ್ದಳು.
ಇಲ್ಲಿ ಪಿನ್ನಿಲ್ಲ. ಗುಂಡಿ ಒತ್ತಿದೆ.
ಅಲಗುಗಳು ಗಾಳಿಗೆ ಅಂಚು ಕೊಟ್ಟು ತಿರುಗಿ, ತಡವರಿಸಿ, ನಿಂತವು.
ಹಾರುವಾಗ ಮೊದಲ ಸಲ ಎಣಿಸಿದೆ ಅವನ್ನು,
ಮೂರು. ಒಂದರ ತುದಿಯಲ್ಲಿ ಕಲ್ಲು ಬಡಿದ ಕಚ್ಚು.

ಈಗ ಬದುಕಿರುವ ಕಡೆಗೆ ಐದು ಡಿಗ್ರಿ ವಾಲು. ಐದೇ.
ನೆಟ್ಟಗೆ ಹಾರುತ್ತೇನೆಂದರೆ ಅಡ್ಡಡ್ಡ ಜಾರುತ್ತೀಯ,
ಹತ್ತು ವಾಲಿದರೆ ಅದೂ ತಪ್ಪು.
(ಇದನ್ನು ತಂದು ಬದುಕಿಗೆ ಹಚ್ಚಬೇಡಿ.
ಇದು ರಡ್ಡರಿನ ಲೆಕ್ಕ,
ಕೈಪಿಡಿಯಲ್ಲಿ ಪುಟದ ಸಂಖ್ಯೆ ಇದೆ.)

ನರಾಂಡೆರಾದ ರನ್‌ವೇ ಬಂತು. ನಾನು ಇಳಿದೆ ಅನ್ನುವುದಕ್ಕಿಂತ
ಬಲಗಾಲು ಇಳಿಸಿತು. ಬಾಗಿಲು ತೆರೆದ ಮೇಲೂ ಅದು
ಪೆಡಲು ಬಿಡಲೊಲ್ಲದು.
ವಾಗಾದವರೆಗೆ ಟ್ಯಾಕ್ಸಿ ಹೇಳಿ, ಐಸು ಉಳಿದಿದೆಯೋ ನೋಡಲು
ಮುಚ್ಚಳ ಸರಿಸಿದೆ. ಮೇಲಿನ ಸಾಲಿನಲ್ಲೇ, ನೀಟಾಗಿ, ಅಚ್ಚಿನಲ್ಲಿ,
ಡೋರೀನಳ ಹೆಸರು.

ಪೆಟ್ಟಿಗೆಗೆ ಟ್ಯಾಕ್ಸಿಯಲ್ಲೂ ಬೆಲ್ಟು ಹಾಕಿದೆ.

ಎಂಟು ದಿನ ಬಿಟ್ಟು, ಹೊಸ ನೀರಿನ ಪಂಪು ಹಾಕಿಸಿಕೊಂಡು
ಹೇ ಊರಿಗೆ ಹೋದೆ. ಅವಳು ಕೊಂಚ ತೆಳ್ಳಗಾಗಿದ್ದಳೋ,
ಗಾಳಿಗೆ ಅಂಗಿ ಉಬ್ಬಿತ್ತೋ.
ನಾನು ಕೇಳಲಿಲ್ಲ. ಅವಳು ಕೇಳಿದಳು:
"ಯಾವ ಎಣ್ಣೆ?"
"ಸೀಮೆಎಣ್ಣೆ," ಅಂದೆ, ಕನ್ನಡದಲ್ಲೇ.
ಸರಿ ಎಂಬಂತೆ ತಲೆಯಾಡಿಸಿ
ಮತ್ತೊಮ್ಮೆ ಕೇಳಿದಳು.