ಜೇಬಿನ ಬಟ್ಟೆ

ಕೌಲ್‌ಬಜಾರಿನ ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ
ಹನ್ನೊಂದು ಮಶಿನ್ನು, ಒಂದು ಗಂಡುಬೆಕ್ಕು.
ಹೆಸರು ಬಟನ್.

ನಿನ್ನೆಯಿಂದ ಚಿಂದಿ ಗುಡ್ಡೆಯ ಮೇಲೆ
ಕೂತು ಏಳುತ್ತಾನೆ, ಎದ್ದು ಕೂರುತ್ತಾನೆ.
"ಹೊಟ್ಟಿ ಕಟ್ಟೈತಿ, ಔಡಲೆಣ್ಣಿ ನೆಕ್ಕಿಸು"
ಅಂದಳು ಹುಸೇನಬಿ, ಕಾಜ ಹೊಡೆಯುತ್ತಲೇ.
ಅವನು ಕೂತ ಜಾಗ ಮುಟ್ಟಿ ನೋಡಿದೆ.
ಒಣಗೇ ಇತ್ತು.

ಡೆನಿಮ್ಮು ಬಾಯಿ ಬಿಡುವುದಿಲ್ಲ,
ಯಾವ ಕಲೆ ಬಿದ್ದರೂ ನುಂಗಿ ನೀಲಿಯಾಗೇ ಇರುತ್ತದೆ.
ಜೇಬಿನ ಒಳಬಟ್ಟೆ ಹಾಗಲ್ಲ, ಬಿಳಿ.
ಸಂಜೆ ಅದರ ಮೇಲೆ ಕೂತ, ಕೂಗಿದ.
ಬೆಕ್ಕಿನ ಕೂಗಲ್ಲ ಅದು,
ತುಕ್ಕು ಹಿಡಿದ ಶಟರ್ ಎಳೆದ ಹಾಗೆ.
ಎದ್ದಾಗ ಅಲ್ಲಿ ಮೂರೇ ಹನಿ,
ದಾಳಿಂಬೆ ತೊಳೆದ ನೀರಿನ ಬಣ್ಣ.

ಹೊಟ್ಟೆ ಒತ್ತಿದರೆ ಒಳಗೊಂದು ಗಟ್ಟಿ ನಿಂಬೆ.
ಆಮೇಲೆ ನನಗೆ ಯಾರೂ ಹೇಳಬೇಕಾಗಲಿಲ್ಲ.
ಯೂನಿಟ್ಟಿನಲ್ಲಿ ಹೆಂಗಸರಿಗೆ ಕಕ್ಕಸಿಲ್ಲ;
ಒಂಬತ್ತಕ್ಕೆ ಬಂದವರು ಆರರ ತನಕ
ತೊಡೆ ಬಿಗಿದು ಪೆಡಲು ಒತ್ತುತ್ತೇವೆ,
ಮೇ ತಿಂಗಳಲ್ಲೂ ನೀರು ಗುಟುಕಿನ ಲೆಕ್ಕ.

ಮಾಲೀಕನಿಗೆ ಹೇಳಲಿಲ್ಲ.
ಅರ್ಧ ಹೊಲಿದ ಪ್ಯಾಂಟಿನಲ್ಲಿ ಸುತ್ತಿ ಆಟೊ ಹತ್ತಿದೆ.
"ಇನ್ನೊಂದು ರಾತ್ರಿ ಬಿಟ್ಟಿದ್ದರೆ" ಎಂದ ಡಾಕ್ಟರು
ಮಾತು ಮುಗಿಸದೆ ಕೊಳವೆ ಇಳಿಸಿದರು,
ನಮ್ಮ ಹೊಲಿಗೆ ದಾರಕ್ಕಿಂತ ತುಸು ದಪ್ಪ.
ಸ್ಟೀಲ್ ತಟ್ಟೆಯಲ್ಲಿ ಮೊದಲು ಟಿಣ್,
ಇನ್ನೊಂದು ಟಿಣ್,
ಆಮೇಲೆ ಧಾರೆ.

"ಗಂಡಿಗೆ ದಾರಿ ಸಣ್ಣದು, ಹರಳು ಕೂತಿತ್ತು.
ನೀರು ಕಮ್ಮಿ ಆದರೆ ಹಿಂಗೇ.
ನೀವು ದಿನಕ್ಕೆ ಎಷ್ಟು ಸಲ ಇಡ್ತೀರಿ?"

ನಾನು ಲೆಕ್ಕ ಹೇಳಲಿಲ್ಲ.
ಆಸ್ಪತ್ರೆಯ ಕಕ್ಕಸು ಯಾವ ಕಡೆ ಅಂತ ಕೇಳಿದೆ.