ಒಳಜೇಬು

ಎದಿ ಮೂವತ್ನಾಕು. ಹೊಟ್ಟಿ ನಲವತ್ತೊಂದೂವರಿ.
ಎಡಗಡೆ ಹೆಗಲು ಬಲಕ್ಕಿಂತ ಮುಕ್ಕಾಲಿಂಚು ಕೆಳಗ.
ನನ್ನ ವಹಿಯೊಳಗ ಇನ್ನೂ ಐತಿ, ಎಪ್ಪತ್ತೊಂಬತ್ತನೇ ಇಸ್ವಿ,
ದೀಪಾವಳಿ ಕಳದು ಮೂರನೇ ವಾರ.
ಹೆಸರಿನ ಜಾಗಾದಾಗ ಬರದದ್ದು ಇಷ್ಟ:
ಸೇಠ, ಲಾಡ್ಜಿನ್ಯಾಂವ.

ಪರದೆ ಮ್ಯಾಲಿನಾಂವಗ ಎದಿ ನಲವತ್ನಾಕು ಆದೀತು,
ಎರಡೂ ಹೆಗಲು ತಕ್ಕಡಿ ತೂಗಿ ನಿಂತಂಗ.
ಸಾವಕಾಶ ಕಾರಿನಿಂದ ಇಳೀತಾನ,
ಬಿಳೀ ಕೋಟಿನ ಚುಂಗು ಗಾಳಿಗೆ ಏಳತೈತಿ,
ಹಿಂದ ಯಾರೋ ದೊಡ್ಡ ಫ್ಯಾನ್ ಹಚ್ಚಿರಬೇಕು.
ಹುಡುಗರು ಸೀಟಿ ಹೊಡದರು.
ನಾ ಒಬ್ಬನ ನಕ್ಕೆ.
ಮುಂದಿನ ಸಾಲಿನಾಂವ ತಿರುಗಿ ನೋಡಿದ.
ಏನ್ ಹೇಳ್ಲೋ ತಮ್ಮಾ, ಆ ಕಾಲರು ಆ ಕಾಲದ್ದಲ್ಲ.
ಆವಾಗಿನ ಕಾಲರು ನಾಯಿಕಿವಿ ಇದ್ದಂಗ ಇರ್ತಿದ್ದುವು.

ಸ್ಟೇಶನ್ ರೋಡಿನ ಲಾಡ್ಜು, ಮಾಳಗಿ ಮ್ಯಾಲಿನ ಖೋಲಿ.
ಟೇಪು ಹಿಡಕೊಂಡು ನಾ, ಪಿನ್ನಿನ ಡಬ್ಬಿ ಹಿಡಕೊಂಡು ಯಮನೂರ.
ಸೇಠನ ಬನಿಯನ್ನಿಗೆ ಬಗಲಾಗ ತೂತು.
ಬೆನ್ನಿಗೆ ಕುರು ಎದ್ದು ಅರಿಶಿಣ ಮೆತ್ತಿಸಿಕೊಂಡಿದ್ದ.
ಕೆಳಗ ಯಾವುದರ ಜೀಪು ನಿಂತರ ಉಸಿರು ಬಿಗಿ ಹಿಡೀತಿದ್ದ,
ಅಳತಿ ಪ್ರತಿ ಸಲ ಬ್ಯಾರೆ.
ಎದೀದು ಮೂರು ಸಲ ತಗೊಂಡೆ.

"ಒಳಜೇಬು ಎಂಟಿಂಚು ಇಡು. ಅಸ್ತರು ಗಟ್ಟಿ ಇರಲಿ."
ಬ್ಯಾರೆ ಗಿರಾಕಿಗೆ ಕೇಳತಿದ್ದೆ:
ಪಾಕೀಟಿಗ್ಯೋ, ಚಸ್ಮಾಕೋ, ಎಲಿಅಡಿಕಿ ಚಂಚಿಗ್ಯೋ?
ಇಂವಗ ಕೇಳಲಿಲ್ಲ.
ಎರಡು ಹೊಲಿಗಿ ಜಾಸ್ತಿ ಹಾಕಿದೆ,
ಭಾರಕ್ಕ ಹರೀಬಾರದು ಅಂತ.
ಭಾರದ ಸುದ್ದಿ ಅವ ಎತ್ತಿರಲಿಲ್ಲ.

ಒಂದು ಕೋಟು, ಎರಡು ಸಫಾರಿ,
ನೂರಾ ನಲವತ್ತು ರೂಪಾಯಿ ಬಾಕಿ.
ಬಾಕಿಯೊಳಗ ಅದು ಸಣ್ಣದು.

ಯಮನೂರಗ ಹದಿನೇಳು.
ಕಾಜಾ ಹೊಲದರ ಯಾವುದು ಒಳಗಿನ ಮಗ್ಗಲು,
ಯಾವುದು ಹೊರಗಿಂದು ಗೊತ್ತಾಗ್ತಿರಲಿಲ್ಲ.
ಜವಳಿಸಾಲಿಗೆ ಗುಂಡಿ ತಾ ಅಂತ ಕಳಿಸಿದ್ದೆ.
ಕೊಳ್ಳಾಗ ದಾರ ಹಂಗ ಹಾಕ್ಕೊಂಡು ಹೋದಾಂವ
ಸೇಠನ ಜೋಡಿ ಮಿರಜ್ ಗಾಡಿ ಹತ್ತಿದನಂತ.
ಒಂದು ಕಾರ್ಡು ಬಂತು:
"ಅಣ್ಣಾರ, ಇಲ್ಲೆ ಕತ್ರಿ ಹಿಡಿಯೂ ಕೆಲಸ ಇಲ್ಲ."
ಅವರವ್ವ ದ್ಯಾಮವ್ವ ಎರಡು ವರ್ಷ ಮಂಗಳವಾರಕ್ಕೊಮ್ಮೆ
ನನ್ನ ಅಂಗಡಿ ಕಟ್ಟಿ ಮ್ಯಾಲೆ ಕುಂಡ್ರತಿದ್ದಳು.
ಒಂದು ಮಾತು ಬೈದಿದ್ದರ ಚಲೋ ಇತ್ತು.

ಇಂಟರ್ವಲ್ ಆದ ಮ್ಯಾಲೆ ಅಂವ ಕೋಟಿನೊಳಗ ಕೈ ಹಾಕಿದ.
ಥೇಟರಿಗೆ ಥೇಟರ ಎದ್ದು ನಿಂತಿತು.
ಆ ಜೇಬು ನಂದು.
ನಾ ಕುಂತ ಎಣಿಸಿದೆ ಬಿದ್ದವರನ್ನ,
ಮೆಟ್ಟಿಲ ಮ್ಯಾಲೊಬ್ಬ, ಮೀನಿನ ಬುಟ್ಟಿ ಮ್ಯಾಲೊಬ್ಬ,
ಒಬ್ಬಾವಂದು ಬರೇ ಬೆನ್ನು.
ಯಾರ ಕೊಳ್ಳಾಗೂ ದಾರ ಕಾಣಲಿಲ್ಲ.

ಸೇಠಗ ತಾಯಿನ್ನ ಇಟ್ಟಾರ, ಹಾಡು ಇಟ್ಟಾರ,
ಅಳಾಕ ಒಬ್ಬಾಕಿನ್ನ ಇಟ್ಟಾರ,
ಸಾಯೂಮುಂದ ಮಳಿ ಸುದ್ದಾ ಇಟ್ಟಾರ.
ಕುರು ಎಲ್ಲೂ ಇಡಲಿಲ್ಲ.

ಮರುವಾರ ಅಂಗಡಿಗೆ ಹುಡುಗರು,
ಮೊಬೈಲಿನಾಗ ಆ ಕೋಟಿನ ಫೋಟೋ.
"ಕಾಕಾ, ಸೇಮ್ ಹಿಂಗ."
ಹತ್ತೊಂಬತ್ತು ಆರ್ಡರು.
ರೆಡಿಮೇಡು ಬಂದಾಗಿಂದ ಇಷ್ಟು ಕೆಲಸ ಕಂಡಿರಲಿಲ್ಲ.
ಒಲ್ಲೆ ಅನ್ನಲಿಲ್ಲ.
ಮಶಿನ್ನಿಗೆ ಎಣ್ಣಿ ಬಿಟ್ಟೆ.

ನಿನ್ನೆ ಬಂದಾಂವ ಗೋಕುಲ ರೋಡಿನ ಗ್ಯಾರೇಜಿನ ಹುಡುಗ.
ಕೈ ಎತ್ತಿದರ ಗ್ರೀಸಿನ ವಾಸನಿ. ಎದಿ ಮೂವತ್ತು.
ಉಸಿರು ಬಿಡೋ ಅಂದೆ. ಬಿಟ್ಟ.
"ಒಳಜೇಬು ಪಿಚ್ಚರಿನ್ಯಾಗ ಇದ್ದಂಗ ಇಡ್ರಿ ಕಾಕಾ. ಉದ್ದ."

ಯಾಕ? ಅಂದೆ.
ನನ್ನ ದನಿ ನನಗ ಗುರುತು ಸಿಗಲಿಲ್ಲ.
ಹುಡುಗ ನಕ್ಕ. "ಏನಿಲ್ರಿ. ಸುಮ್ನ. ಚಂದ ಕಾಣತೈತಿ."

ಪೆನ್ಸಿಲ್ಲು ನಾಲಿಗಿಗೆ ಮುಟ್ಟಿಸಿ ವಹಿ ತೆಗದೆ.
ಹೆಸರು ಹೇಳು, ಪೂರ್ತಿ.
ಹೇಳಿದ.
ನಿಮ್ಮವ್ವಂದೂ ಹೇಳು.