ತಳಂಗರೆಯಲ್ಲಿ ಕಂಕಣ

ನೂಲಂಗಡಿಯವನಿಗೆ ಗ್ರಹಣವೆಂದರೆ
ಅರ್ಧ ದಿನದ ವ್ಯಾಪಾರ ನಷ್ಟ, ಅಷ್ಟೆ.
ಅಮ್ಮ ನೀರಿನ ಕೊಡಕ್ಕೆ ದರ್ಭೆ ಹಾಕಿ,
ಉಪ್ಪಿನಕಾಯಿ ಭರಣಿಗೆ ಒಂದೆಸಳು ಹೆಚ್ಚೇ ಹಾಕಿ,
ಕಿಟಕಿಗೆ ಹಳೇ ಬೆಡ್‌ಶೀಟು ಕಟ್ಟಿ
ಹೊರಗೆ ಕಾಲಿಟ್ಟರೆ ನೋಡು ಎಂದಿದ್ದರು.
ಚೆರುವತ್ತೂರಿಗೆ ದುರ್ಬೀನುಗಳು ಬಂದಿವೆಯಂತೆ.
ಶಾಲೆಗೆ ಕ್ರಿಸ್‌ಮಸ್ ರಜೆ, ಬಸ್ಸು ಖಾಲಿ.
ನನ್ನ ಸ್ಕೂಟರಿನ ಡಿಕ್ಕಿಯಲ್ಲಿ
ಹದಿನಾರು ಉಂಡೆ ಬಿಳಿ ನೂಲು, ಖೈಜುಮ್ಮನದು.
ಹೇಳಿದ ದಿನಕ್ಕೆ ಮುಟ್ಟಿಸದಿದ್ದರೆ
ಅವರು ಬೈಯುವುದಿಲ್ಲ. ಅದೇ ಕಷ್ಟ.

ಅವರದು ಮಲಯಾಳ, ನನ್ನದು ಕನ್ನಡ,
ಇಪ್ಪತ್ತೆರಡು ವರ್ಷದಿಂದ ಹೀಗೇ,
ಯಾರೂ ಯಾರದ್ದನ್ನೂ ಪೂರ್ತಿ ಕಲಿಯದೆ.
ನನ್ನ ಸೂಜಿ ಅವರ ಬಾಯಲ್ಲಿ ಸೂಚಿ,
ನನ್ನ ಟೊಪ್ಪಿ ಅವರಿಗೆ ತೊಪ್ಪಿ,
ನೂಲು ಮಾತ್ರ ಎರಡು ಕಡೆಯೂ ನೂಲೇ.
ಟೊಪ್ಪಿ ಹಾಕುವುದೆಂದರೆ ನಮ್ಮಲ್ಲಿ
ಮೋಸ ಮಾಡುವುದೆಂದು
ಇದುವರೆಗೂ ಅವರಿಗೆ ಹೇಳಿಲ್ಲ.

ಒಂದು ಟೊಪ್ಪಿಗೆ ಒಂದು ತಿಂಗಳು.
ಪಟ್ಟಿಯ ತುಂಬ ಕಣ್ಣು:
ಸೂಜಿಮೊನೆಯಲ್ಲಿ ಎಳೆ ಸರಿಸಿ,
ತೂತಿನ ಅಂಚಿಗೆ ನೂಲು ಸುತ್ತಿ ಬಿಗಿದು,
ಇನ್ನೊಂದು, ಮತ್ತೊಂದು.
ಗಸಗಸೆ ನುಸುಳೀತು, ಸಾಸಿವೆ ನುಸುಳದು.
ಖೈಜುಮ್ಮನ ಕಣ್ಣಿಗೆ ಪೊರೆ ಬಂದು ಮೂರು ವರ್ಷ.
ಬೆರಳು ನೋಡಿಕೊಳ್ಳುತ್ತದೆ ಎನ್ನುತ್ತಾರೆ.

ನಾನು ಹೋದಾಗ ಒಂಬತ್ತೂ ಇಪ್ಪತ್ತು.
ಬಿಸಿಲಿದೆ, ಆದರೆ ನೀರು ಬೆರೆಸಿದ ಹಾಲು.
ಚಂದ್ರಗಿರಿ ಹೊಳೆಯ ಕಡೆಯಿಂದ ತಣ್ಣನೆ ಗಾಳಿ,
ತೆಂಗಿನ ಮೇಲೆ ಕಾಗೆಗಳದು ಏನೋ ಪಂಚಾಯತಿ.
ಅಂಗಳದ ಹಗ್ಗದಲ್ಲಿ ತೊಳೆದು ಒಣಹಾಕಿದ ಪಟ್ಟಿ,
ಇನ್ನೂ ಟೊಪ್ಪಿಯಾಗದ್ದು.
ಹಿಂದಿನ ಸುಣ್ಣದ ಗೋಡೆಗೆ
ಬೂಷ್ಟು ಹಿಡಿದಿದೆ ಅಂದುಕೊಂಡೆ ಮೊದಲು.
ಅಲ್ಲ.
ಬಳೆ.
ತೂತಿಗೊಂದು ಬೆಳಕಿನ ಬಳೆ, ಹೆಸರುಕಾಳಿನಷ್ಟು,
ಸೂರ್ಯನ ತಿರುಳು ಕೊರೆದು ಸಿಪ್ಪೆ ಉಳಿಸಿದ ಹಾಗೆ,
ಸಾಲುಸಾಲು, ಅವರದೇ ಹೊಲಿಗೆಯ ಕ್ರಮದಲ್ಲಿ.

ಕುಂಬಳೆ ಶಾಲೆಯಲ್ಲಿ ಐತಪ್ಪ ಮಾಸ್ತರರು
ಚಪ್ಪಲಿ ಪೆಟ್ಟಿಗೆಗೆ ಚೌಕ ತೂತು ಕೊರೆದು
ಕೇಳಿದ್ದರು: ಈಗ ಸೂರ್ಯ ಚೌಕವಾ, ಉರುಟಾ?
ಚೌಕ ಎಂದು ಕೂಗಿದವರಲ್ಲಿ ನಾನೂ ಒಬ್ಬ.
ಬೆಳಕು ಹಾದುಬಂದ ಬಾಗಿಲಿನ ಹಾಗಿರುವುದಿಲ್ಲ ಮಕ್ಕಳೇ,
ಹೊರಟ ಮನೆಯ ಹಾಗಿರುತ್ತದೆ, ಎಂದರು.
ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲೇ ಇಲ್ಲ.

ಪಟ್ಟಿ ಬಿಡಿಸಿ ಗೋಡೆಯಿಂದ ದೂರ ಹಿಡಿದೆ.
ಬಳೆ ಬೆಳೆದವು, ಒಂದಕ್ಕೊಂದು ಸಿಕ್ಕಿ ಸರಪಳಿ.
"ಉಮ್ಮಾ, ಕಾಣುತ್ತದಾ?"
ಅವರು ಸೂರ್ಯನಿಗೆ ಬೆನ್ನು ಹಾಕಿ
ಗೋಡೆಗೆ ಮೂಗು ತಾಗುವಷ್ಟು ಬಾಗಿ,
ಇನ್ನೊಂದು ಚೂರು ಹತ್ತಿರ, ಹಾಂ, ಅಲ್ಲೇ, ಎಂದು ಕೈಸನ್ನೆ ಮಾಡಿ,
ತಮ್ಮ ಹೊಲಿಗೆಯನ್ನು ಮೂರು ವರ್ಷದ ಮೇಲೆ ಕಂಡರು.
ನೂಲು ಸಿಕ್ಕುತ್ತದೆಂದು ಬಳೆ ತೊಡದ ಆ ಕೈಯನ್ನು
ನಡುವೆ ಒಡ್ಡಿದರು.
ಮಣಿಕಟ್ಟಿನಿಂದ ಮೊಣಕೈವರೆಗೆ ಬಳೆ.

ನಾನು ಇದನ್ನೆಲ್ಲ ದೊಡ್ಡದಾಗಿ ಏನೋ ಅಂದುಕೊಳ್ಳುತ್ತಿರಬೇಕಾದರೆ
"ಆರಾಮತ್ತೆ ವರಿ" ಎಂದರು.
ಆರನೇ ಸಾಲು. ಅಲ್ಲೊಂದು ಬಳೆ ಇಲ್ಲ.
ಬೆರಳು ತಪ್ಪಿತ್ತು, ತೂತಿನ ಮೇಲೇ ಹೊಲಿಗೆ ಬಿದ್ದಿತ್ತು.
ಸೂರ್ಯನ ಉಳಿದ ಕೆಲಸವೆಲ್ಲ ಬದಿಗಿಟ್ಟು
ಅವರು ಜಗಲಿಯಲ್ಲಿ ಕೂತು
ಆ ಒಂದು ಕಣ್ಣು ಬಿಡಿಸತೊಡಗಿದರು.

ಮೂರೇ ನಿಮಿಷ.
ಮತ್ತೆ ಹಗ್ಗಕ್ಕೆ ಹಾಕುವಾಗ ಬಳೆಗಳೆಲ್ಲ
ಒಂದೇ ಕಡೆ, ಒಟ್ಟಿಗೇ, ಒಡೆದಿದ್ದವು.
ಗೋಡೆಯ ತುಂಬ ಕುಡುಗೋಲು ಚಂದ್ರ.
ಖೈಜುಮ್ಮ ನಕ್ಕರು:
ಪೆರ್ನಾಲಿಗೆ ಒಂದು ಪಿರೆ ಕಾಣಲು
ಊರಿಡೀ ಮಾನ ನೋಡುತ್ತದೆ,
ಇಲ್ಲಿ ನೋಡು, ನನ್ನ ಗೋಡೆಗೆ ಲೆಕ್ಕವೇ ಇಲ್ಲ.

ಮನೆಯಲ್ಲಿ ಅಮ್ಮ ತಲೆಗೆ ತಣ್ಣೀರು ಸುರಿದರು.
ಪುಸ್ತಕದಲ್ಲಿ ಬರೆದೆ: ಬಿಳಿ ನೂಲು, ಹದಿನಾರು, ಬಾಕಿ.
ಟೊಪ್ಪಿ ಈಗ ಮಸ್ಕತ್ತಿನಲ್ಲಿ
ಯಾರದೋ ತಲೆಯ ಮೇಲೆ ಬಿಸಿಲಿಗೆ ಓಡಾಡುತ್ತಿರಬೇಕು.
ಅದರ ಆರನೇ ಸಾಲಿನಲ್ಲಿ
ಕಂಕಣ ಕಾಣದ ಒಂದು ಕಣ್ಣಿದೆ.